ಅಕ್ಕನ ಪಾಲು

ಅಕ್ಕ ತೀರಿಕೊಂಡಳೆಂದು ತಿಳಿದವರು ಮೊದಲು ಕೇಳುವುದು ‘ಏನಾಗಿತ್ತು?’ ಎಂದು. ನಾನು ಹೇಳುತ್ತೇನೆ. ರೋಗದ ಹೆಸರು ಹೇಳುತ್ತೇನೆ. ಹುಬ್ಬಳ್ಳಿಗೆ ಎಡತಾಕಿದ್ದು, ಕೂದಲು ಉದುರಿದ್ದು, ಕೊನೆಕೊನೆಗೆ ಗುಟುಕು ನೀರೂ ಇಳಿಯದಾದದ್ದು, ಎಲ್ಲ ಹೇಳುತ್ತೇನೆ. ಕೇಳಿದವರು ‘ಪಾಪ, ಭಾಳ ತ್ರಾಸು ಪಟ್ಟರು’ ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಅವರನ್ನು ದೂರುವಂತಿಲ್ಲ, ಸಾವಿನ ಮನೆಯವರನ್ನು ಇನ್ನೇನು ಕೇಳಬೇಕೆಂದು ಯಾರಿಗೂ ತೋಚುವುದಿಲ್ಲ. ಆದರೆ ಹೀಗೆ ಹೇಳಿ ಹೇಳಿ ನನ್ನೊಳಗೇ ಒಂದು ಅನ್ಯಾಯ ನಡೆಯುತ್ತ ಬಂತು. ಐವತ್ತೊಂದು ವರ್ಷ ಬಾಳಿದ ಹೆಂಗಸು ಒಂದು ವರ್ಷದ ಕಾಯಿಲೆಯಾಗಿ ಉಳಿಯತೊಡಗಿದಳು. ಕಣ್ಣು ಮುಚ್ಚಿದರೆ ಎದುರು ನಿಲ್ಲುವುದು ಮಂಚ, ಸಲೈನ್ ಬಾಟಲಿ, ವಸ್ತ್ರ ಸುತ್ತಿದ ತಲೆ. ಹಿತ್ತಲ ಹುಣಸೆ ಮರದಡಿ ಲಂಗ ಎತ್ತಿ ಕಟ್ಟಿಕೊಂಡು ಓಡುತ್ತಿದ್ದ ಹುಡುಗಿ ಎಲ್ಲಿ ಹೋದಳು?

ತೀರಿಹೋದ ಒಡಹುಟ್ಟಿದವರನ್ನು ನೆನೆಯುವುದೆಂದರೆ ಯಾವುದನ್ನು ನೆನೆಯುವುದು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ನೆನಪು ತಾನಾಗಿ ಬರುವಂಥದ್ದು, ಅದರಲ್ಲಿ ಯೋಚಿಸುವುದೇನಿದೆ ಎನ್ನಬಹುದು. ತಾನಾಗಿ ಬರುವುದು ಸಾವಿನ ನೆನಪು. ಬದುಕಿನ ನೆನಪನ್ನು ನಾವೇ ಹೋಗಿ ಕರೆತರಬೇಕು.

ಕಾಲೇಜಿನಲ್ಲಿ ರನ್ನನ ಗದಾಯುದ್ಧ ಪಾಠ ಮಾಡುತ್ತ ಬಂದವನು ನಾನು. ಅದರಲ್ಲಿ ದುರ್ಯೋಧನ ರಣಭೂಮಿಯಲ್ಲಿ ನಡೆದುಹೋಗುವ ಭಾಗವಿದೆ. ಸೈನ್ಯವೆಲ್ಲ ಮಣ್ಣುಗೂಡಿದೆ. ಶರಶಯ್ಯೆಯ ಮೇಲಿರುವ ಭೀಷ್ಮನನ್ನು ಕಾಣಲು ಸಂಜಯನೊಡನೆ ಹೆಣಗಳ ನಡುವೆ ದಾರಿ ಮಾಡಿಕೊಂಡು ಹೊರಟ ಅರಸ ಒಬ್ಬೊಬ್ಬರ ಮುಂದೆ ನಿಲ್ಲುತ್ತಾನೆ. ಗುರು ದ್ರೋಣ ಸಿಗುತ್ತಾನೆ; ಹಗೆಯ ಮಗನಾದರೂ ತಲೆಬಾಗುವಂತೆ ಮಾಡುವ ಅಭಿಮನ್ಯು ಸಿಗುತ್ತಾನೆ; ಸ್ವಂತ ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಸಿಗುತ್ತಾರೆ. ಇವರಲ್ಲಿ ದುಶ್ಶಾಸನನ ಸಾವು ಭಾರತದಲ್ಲೇ ಅತಿ ಘೋರವಾದದ್ದು. ಭೀಮ ಅವನ ಎದೆ ಬಗೆದು ನೆತ್ತರು ಕುಡಿದಿದ್ದಾನೆ. ಆ ಹೆಣದ ಮುಂದೆ ನಿಂತ ಅಣ್ಣನ ಬಾಯಿಂದ ಸೀಳಿದ ಎದೆಯ ಮಾತೇ ಬರುತ್ತದೆಂದು ಓದುವವರು ಕಾಯುತ್ತಾರೆ. ಕೊಂದವನ ಮೇಲಿನ ಕಿಚ್ಚೂ ಅಲ್ಲಿದೆ, ಇಲ್ಲವೆಂದಲ್ಲ. ಆದರೆ ರನ್ನ ಅವನನ್ನು ಅಲ್ಲಿಂದ ಬಹಳ ಹಿಂದಕ್ಕೆ, ಗಾಂಧಾರಿಯ ಮಡಿಲಿಗೆ ಕರೆದೊಯ್ಯುತ್ತಾನೆ. ತಾಯ ಎದೆಹಾಲನ್ನು ಮೊದಲು ಉಂಡವನು ತಾನು, ಆಮೇಲೆ ಉಂಡವನು ತಮ್ಮ. ಊಟದಲ್ಲೂ ತಾನು ಮೊದಲು, ತಮ್ಮ ಆಮೇಲೆ. ಚಿಕ್ಕಂದಿನಿಂದ ಒಮ್ಮೆಯೂ ಆ ಸರದಿ ಮೀರದವನು ಸಾಯುವುದರಲ್ಲಿ ಮಾತ್ರ ಅಣ್ಣನನ್ನು ಹಿಂದಿಕ್ಕಿದ. ಇದು ದುರ್ಯೋಧನನ ಅಳಲು.

ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಸರ್, ದುಶ್ಶಾಸನ ದ್ರೌಪದಿ ಸೀರಿ ಎಳದಾಂವ ಅಲ್ಲೇನ್ರಿ? ಅವನ ಸಲುವಾಗಿ ನಾವ್ಯಾಕ ಅಳಬೇಕು?’ ಒಳ್ಳೆಯ ಪ್ರಶ್ನೆ. ರನ್ನ ಅವನ ಪಾಪವನ್ನು ತೊಳೆಯಲು ಹೋಗಿಲ್ಲ. ಸೀರೆ ಎಳೆದ ಕೈಯೂ ಅದೇ, ಅಣ್ಣ ಉಂಡ ಮೇಲೆ ತುತ್ತು ಎತ್ತುತ್ತಿದ್ದ ಕೈಯೂ ಅದೇ. ಮೊದಲನೆಯದು ಜಗತ್ತಿಗೆಲ್ಲ ಗೊತ್ತು. ಎರಡನೆಯದು ಗೊತ್ತಿರುವುದು ಜೊತೆಗೆ ಹುಟ್ಟಿದವನಿಗೆ ಮಾತ್ರ. ಅವನು ಹೇಳದೆ ಹೋದರೆ ಅದು ಇಲ್ಲವೇ ಇಲ್ಲ. ಹೆಸರಾಗಲಿ, ಕೆಟ್ಟ ಹೆಸರಾಗಲಿ ಬರುವುದಕ್ಕೆ ಮೊದಲೇ ಒಬ್ಬ ಮನುಷ್ಯನನ್ನು ಕಂಡವರು ಅಣ್ಣತಮ್ಮಂದಿರು, ಅಕ್ಕತಂಗಿಯರು. ಅವ್ವ ಅಪ್ಪ ಕಂಡಿಲ್ಲವೇ ಎಂದರೆ, ಅವರು ಕಾಣುವ ಎತ್ತರ ಬೇರೆ. ಅವರ ಕಣ್ಣಲ್ಲಿ ನಾವು ಯಾವಾಗಲೂ ಏನೋ ಆಗಬೇಕಾದವರು. ಗಂಡ, ಹೆಂಡತಿ, ಮಕ್ಕಳು ಬರುವ ಹೊತ್ತಿಗೆ ನಾವು ಏನೋ ಆಗಿ ಮುಗಿದಿರುತ್ತೇವೆ. ಒಂದೇ ಕೌದಿಯಲ್ಲಿ ಮಲಗಿ ಕಾಲಿಗೆ ಕಾಲು ಒದ್ದಾಡಿದವರಿಗೆ ಮಾತ್ರ ನಾವು ಇನ್ನೂ ಏನೂ ಆಗದಿದ್ದ ಕಾಲ ಗೊತ್ತು.

ಹಾಗಾದರೆ ನನಗೆ ಗೊತ್ತಿರುವ ಅಕ್ಕನನ್ನು ನಾನು ಹೇಳಬೇಕು.

ನವಲಗುಂದದ ಕಡೆಯ ಎರೆಭೂಮಿ ನಮ್ಮದು. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ನಮ್ಮೂರ ಶಾಲೆಯಲ್ಲಿ ಇರಲಿಲ್ಲ. ಆ ಲೆಕ್ಕವೆಲ್ಲ ಕಡೆಗೆ ಇಳಿದದ್ದು ಕಸೂತಿಗೆ. ಕಸೂತಿ ಹಾಕುವವರು ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ. ನೂಲಿನ ಎಳೆ ಎಣಿಸುತ್ತಲೇ ಗೋಪುರ, ತೇರು, ಆನೆ, ತುಳಸಿ ವೃಂದಾವನ ಎಲ್ಲವನ್ನೂ ಎತ್ತಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ ಹೊಲಿಗೆಯಲ್ಲಂತೂ ಬಟ್ಟೆ ತಿರುವಿ ನೋಡಿದರೂ ಅದೇ ಚಿತ್ರ ಕಾಣಬೇಕು. ಅಕ್ಕ ಪಡಸಾಲೆಯ ಕಂಬಕ್ಕೆ ಒರಗಿ ಕೂತು ತುಟಿ ಅಲುಗಿಸುತ್ತ ಎಣಿಸುತ್ತಿದ್ದಳು. ನಡುವೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವ ಬದಲು ಎಣಿಕೆಯನ್ನೇ ಗಟ್ಟಿಯಾಗಿ ಹೇಳುತ್ತಿದ್ದಳು: ‘ಹದಿನೇಳು, ಹದಿನೆಂಟು!’ ಅದರ ಅರ್ಥ, ಬಾಯಿ ಮುಚ್ಚು ಎಂದು. ಒಮ್ಮೆ ನಾನೇ ಅವಳ ಎಣಿಕೆ ತಪ್ಪಿಸಿದೆನೆಂದು ಕಾಣುತ್ತದೆ, ಸೆರಗಿನ ಮೇಲಿನ ಒಂದು ಆನೆಗೆ ಹಿಂಗಾಲು ಗಿಡ್ಡವಾಯಿತು. ಬಿಚ್ಚಿ ಮತ್ತೆ ಹಾಕು ಎಂದು ಅವ್ವ ಅಂದಳು. ಅಕ್ಕ ಬಟ್ಟೆಯನ್ನು ದೂರ ಹಿಡಿದು ನೋಡಿ, ‘ಇರ್ಲಿ ಬಿಡ, ಅದು ನಡ್ಯಾಕತ್ತದ’ ಅಂದಳು. ಉಳಿದ ಆನೆಗಳೆಲ್ಲ ನಿಂತಿದ್ದವು, ಅದೊಂದು ನಡೆಯುತ್ತಿತ್ತು.

ಅವಳು ಸಾಧ್ವಿಯಾಗಿರಲಿಲ್ಲ. ಇದನ್ನು ಬರೆಯಲೇಬೇಕು, ಯಾಕೆಂದರೆ ಮಣ್ಣು ಕೊಟ್ಟು ಬಂದ ದಿನದಿಂದ ಎಲ್ಲರೂ ಅವಳನ್ನು ‘ಒಂದು ಮಾತು ಆಡದಾಕಿ’ ಮಾಡಿ ಕೂರಿಸಿದ್ದಾರೆ. ಅಕ್ಕ ಮಾತು ಆಡುತ್ತಿದ್ದಳು, ಚುಚ್ಚುವ ಹಾಗೆ ಆಡುತ್ತಿದ್ದಳು. ಸಿಟ್ಟು ಬಂದರೆ ಮಾತು ಬಿಡುತ್ತಿದ್ದಳು; ಊಟಕ್ಕೆ ಬಡಿಸುವಾಗ ತಾಟು ಕುಕ್ಕುವ ಸಪ್ಪಳದಿಂದಲೇ ನಮಗೆ ಸಿಟ್ಟಿನ ಅಳತೆ ಸಿಗುತ್ತಿತ್ತು. ಹುಣಸೆಹಣ್ಣು, ಬೆಲ್ಲ, ಮೆಣಸಿನಕಾಯಿ, ಜೀರಿಗೆ ಕುಟ್ಟಿ ಕಡ್ಡಿಗೆ ಸಿಕ್ಕಿಸಿ ಚಿಗಳಿ ಮಾಡಿದರೆ ನನ್ನದಕ್ಕಿಂತ ತನ್ನದು ದೊಡ್ಡದೇ ಇರಬೇಕು. ಎಸ್ಸೆಸ್ಸೆಲ್ಸಿ ಆದ ಮೇಲೆ ಅಪ್ಪ ಅವಳನ್ನು ಮುಂದೆ ಓದಿಸಲಿಲ್ಲ. ನನ್ನನ್ನು ಧಾರವಾಡಕ್ಕೆ ಕಳಿಸಿದ. ಅದನ್ನು ಅವಳು ನುಂಗಿಕೊಂಡಳು ಎಂದು ಜನ ಹೇಳುವುದುಂಟು. ನುಂಗಲಿಲ್ಲ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಯಾವುದೋ ಸಣ್ಣ ಜಗಳದಲ್ಲಿ ‘ನಿನ್ನ ಕಾಲೇಜಿನ ಫೀ ನನ್ನ ಪಾಲಿನ ರೊಕ್ಕೋ ತಮ್ಮಾ’ ಅಂದಳು. ಅಂದವಳೇ ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಪಾಲು ಎಂದಾಗ ಹೊಲದ ಮಾತು ಬರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಹಕ್ಕಿದ್ದರೂ ನಮ್ಮ ಕಡೆ ಅಕ್ಕತಂಗಿಯರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಟ್ಟುಕೊಟ್ಟು ಸಹಿ ಮಾಡಿ ಹೋಗುವುದೇ ರೂಢಿ. ತವರಿನ ಬಾಗಿಲು ತೆರೆದಿರಲಿ ಎಂಬುದಕ್ಕೆ ತೆರುವ ಬೆಲೆ ಅದು. ಅಕ್ಕನೂ ಸಹಿ ಮಾಡಿದಳು. ‘ನಕ್ಕೋತ ಮಾಡಿದ್ಲು’ ಎಂದು ಊರಲ್ಲಿ ಹೇಳುತ್ತಾರೆ. ನಾನು ಪಕ್ಕದಲ್ಲೇ ಇದ್ದೆ. ಅವಳು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು, ಮತ್ತೆ ಮೊದಲಿನಿಂದ ಓದಿದಳು, ಚಕ್ಕುಬಂದಿಯ ಮೇಲೆ ಬೆರಳಿಟ್ಟು ಓದಿದಳು. ಹೊರಗೆ ಬಂದ ಮೇಲೆ, ‘ಇಷ್ಟು ಹೊಲಾ ಬಿಟ್ಟೀನಿ, ಒಂದು ಪ್ಲೇಟ್ ಮಿರ್ಚಿ ತಿನಸು’ ಅಂದಳು. ನಕ್ಕದ್ದು ಆಗ. ಅವಳ ನಗುವನ್ನೂ, ಆ ಬೆರಳನ್ನೂ ಒಟ್ಟಿಗೆ ನೆನೆದರೆ ಮಾತ್ರ ಅದು ಅಕ್ಕ. ಒಂದನ್ನು ಬಿಟ್ಟು ಇನ್ನೊಂದನ್ನು ನೆನೆಯುವುದು ಅವಳಿಗೆ ಮಾಡುವ ಮೋಸ.

ಭಾರತದಲ್ಲಿ ಇನ್ನೊಬ್ಬ ಅಣ್ಣನಿದ್ದಾನೆ, ಅವನ ತಮ್ಮಂದಿರಿಗೆ ಹೀಗೆ ನೆನೆಯುವ ಭಾಗ್ಯವೇ ಇರಲಿಲ್ಲ. ಯುದ್ಧ ಮುಗಿದು, ಸತ್ತವರಿಗೆಲ್ಲ ಗಂಗೆಯಲ್ಲಿ ನೀರು ಬಿಡುವ ಹೊತ್ತಿಗೆ ಕುಂತಿ ಬಾಯಿಬಿಡುತ್ತಾಳೆ: ಕರ್ಣನಿಗೂ ತರ್ಪಣ ಕೊಡು, ಅವನು ನಿಮ್ಮ ಹಿರಿಯಣ್ಣ. ಧರ್ಮರಾಯ ಆ ಗಳಿಗೆಯಲ್ಲಿ ಅಣ್ಣನನ್ನು ಪಡೆದ, ಆ ಗಳಿಗೆಯಲ್ಲೇ ಕಳೆದುಕೊಂಡ. ಗುಟ್ಟು ಬಚ್ಚಿಟ್ಟ ತಾಯಿಯ ಮೇಲಿನ ಸಂಕಟದಲ್ಲಿ ಹೆಣ್ಣುಕುಲಕ್ಕೇ ಶಾಪ ಹಾಕಿದನೆಂದು ವ್ಯಾಸಭಾರತ ಹೇಳುತ್ತದೆ. ಆ ಶಾಪ ನ್ಯಾಯವಲ್ಲ. ಆದರೆ ಅವನ ದುಃಖದ ಬಗೆ ನನಗೆ ಬಹಳ ದೊಡ್ಡದೆನಿಸುತ್ತದೆ. ಅವನಿಗೆ ಅಳಲು ಒಂದು ಹೆಣವಿದೆ, ಒಂದು ಸಂಬಂಧವಿದೆ, ನೆನೆಯಲು ಮಾತ್ರ ಏನೂ ಇಲ್ಲ. ಒಟ್ಟಿಗೆ ಉಂಡ ಒಂದು ಊಟವಿಲ್ಲ, ಕಿತ್ತಾಡಿದ ಒಂದು ಮಧ್ಯಾಹ್ನವಿಲ್ಲ. ಸಭೆಯಲ್ಲೋ ರಣದಲ್ಲೋ ಎದುರಾಳಿಯಾಗಿ ಕಂಡ ಮುಖ ಅಷ್ಟೇ. ನೆನಪಿಲ್ಲದ ಶೋಕ ಎಲ್ಲಿಗೆ ಹೋಗಬೇಕು? ಶಾಪವಾಗಿ ಹೊರಬಿತ್ತು. ಧರ್ಮರಾಯನಿಗಿಲ್ಲದ ಒಂದು ಸಿರಿ ದುರ್ಯೋಧನನಿಗಿತ್ತು ಎಂದು ನನಗೆ ಅನ್ನಿಸತೊಡಗಿದೆ: ಸತ್ತವನ ಬಾಲ್ಯ.

ಅಕ್ಕನನ್ನು ಕೊಟ್ಟದ್ದು ಕೊಪ್ಪಳದ ಕಡೆ. ಗದಗಿನಿಂದ ಹೊರಟ ಬಸ್ಸು ಲಕ್ಕುಂಡಿಯ ಮುಂದೆ ಹಾದುಹೋಗುತ್ತದೆ. ಅವಳನ್ನು ಪಂಚಮಿಗೆ ಕರೆಯಲು ಹೋಗುವಾಗ, ಕರೆತರುವಾಗ ಆ ಊರಿನ ಗುಡಿಗಳು ಎಷ್ಟು ಸಲ ಕಿಟಕಿಯಾಚೆ ಸರಿದುಹೋಗಿವೆಯೋ. ಅವಳು ಹೋದ ಮೇಲೆ ಒಮ್ಮೆ ಅಲ್ಲಿ ಇಳಿದೆ. ಬ್ರಹ್ಮ ಜಿನಾಲಯದ ಮುಂದೆ ಕೂತು ನಾನು ಯೋಚಿಸಿದ್ದು ಅತ್ತಿಮಬ್ಬೆಯನ್ನಲ್ಲ, ಅವಳ ತಂಗಿಯನ್ನು.

ಆ ಕಥೆ ನಮಗೆ ಬಂದಿರುವುದೂ ರನ್ನನಿಂದಲೇ. 993ರಲ್ಲಿ ಅವನು ಬರೆದ ಅಜಿತಪುರಾಣದಲ್ಲಿ ಅದನ್ನು ಹೇಳುತ್ತಾನೆ. ಮಲ್ಲಪಯ್ಯನ ಹೆಣ್ಣುಮಕ್ಕಳು ಅತ್ತಿಮಬ್ಬೆ, ಗುಂಡಮಬ್ಬೆ. ಇಬ್ಬರನ್ನೂ ಚಾಲುಕ್ಯರ ದಂಡನಾಯಕ ನಾಗದೇವನಿಗೆ ಕೊಟ್ಟರು. ನಾಗದೇವ ಯುದ್ಧದಲ್ಲಿ ಮಡಿದ. ತಂಗಿ ಗುಂಡಮಬ್ಬೆ ಗಂಡನ ಚಿತೆಯೇರಿದಳು. ಮಗ ಅಣ್ಣಿಗದೇವನಿದ್ದ ಅತ್ತಿಮಬ್ಬೆ ಉಳಿದಳು. ಉಳಿದು ದಾನಚಿಂತಾಮಣಿಯಾದಳು. ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಯಿಸಿ ಹಂಚಿದಳು, 1500 ಜಿನಬಿಂಬಗಳನ್ನು ಮಾಡಿಸಿಕೊಟ್ಟಳು, ರನ್ನನಿಂದ ಕಾವ್ಯ ಬರೆಸಿದಳು, ಲಕ್ಕುಂಡಿಯಲ್ಲಿ ಈ ಬಸದಿ ಕಟ್ಟಿಸಿದಳು. ಇಲ್ಲಿರುವ 1007ರ ಶಾಸನ ಅವಳ ಗುಣಗಾನ ಮಾಡುತ್ತದೆ. ಇಂದಿಗೂ ಕರ್ನಾಟಕ ಸರ್ಕಾರ ಅವಳ ಹೆಸರಲ್ಲಿ ಪ್ರಶಸ್ತಿ ಕೊಡುತ್ತದೆ. ಗುಂಡಮಬ್ಬೆಯದು? ಅವಳ ಸಾವು ಮಾತ್ರ. ಆ ಸಾವನ್ನು ಆ ಕಾಲ ಹೊಗಳಿತು, ನಾವು ಇಂದು ತಲ್ಲಣಿಸುತ್ತೇವೆ. ಹೊಗಳಿದವರೂ ತಲ್ಲಣಿಸಿದವರೂ ನೋಡುತ್ತಿರುವುದು ಆ ಬೆಂಕಿಯನ್ನೇ. ಅವಳಿಗೆ ಏನು ಇಷ್ಟವಿತ್ತು, ಯಾವುದಕ್ಕೆ ಮುನಿಯುತ್ತಿದ್ದಳು, ಹೇಗೆ ನಗುತ್ತಿದ್ದಳು, ಒಂದೂ ನಮಗೆ ಉಳಿದಿಲ್ಲ. ಗೊತ್ತಿದ್ದವಳು ಒಬ್ಬಳು, ಅಕ್ಕ. ಸವತಿಯೂ ಆಗಿದ್ದ ಅಕ್ಕ. ಆ ಮನೆಯೊಳಗಿನ ಸುಖ ಸಂಕಟ ಏನಿದ್ದವೋ ನಾವು ಬಲ್ಲವರಲ್ಲ.

ಆ ಸಾವಿರ ಪ್ರತಿಗಳ ಬಗ್ಗೆ ನನಗೊಂದು ಊಹೆಯಿದೆ, ಇದು ಬರೀ ನನ್ನ ಊಹೆ. ಶಾಂತಿಪುರಾಣವನ್ನು ಪೊನ್ನನಿಂದ ಬರೆಸಿದವರು ಮಲ್ಲಪಯ್ಯ ಮತ್ತು ಪುನ್ನಮಯ್ಯ ಎಂಬ ಅಣ್ಣತಮ್ಮಂದಿರು, ಅಂದರೆ ಈ ಹುಡುಗಿಯರ ಅಪ್ಪ, ಚಿಕ್ಕಪ್ಪ. ತಮ್ಮ ಗುರುವಿನ ನೆನಪಿಗೆ ಬರೆಸಿದ್ದು. ಅದು ತವರುಮನೆಯ ಕಾವ್ಯ. ಅದನ್ನು ಓದುವಾಗ ಅಕ್ಕತಂಗಿಯರಿಬ್ಬರೂ ಒತ್ತಿಕೊಂಡು ಕೂತು ಕೇಳಿರಬಹುದು, ನಡುವೆ ತೂಕಡಿಸಿರಬಹುದು, ಹಿರಿಯರಿಂದ ಬೈಸಿಕೊಂಡಿರಬಹುದು. ಸಾಹಿತ್ಯ ಚರಿತ್ರೆ ಅದನ್ನು ಶಾಸ್ತ್ರದಾನ ಎನ್ನುತ್ತದೆ, ಕನ್ನಡದ ಒಂದು ಕಾವ್ಯವನ್ನು ಉಳಿಸಿದ ಪುಣ್ಯ ಎನ್ನುತ್ತದೆ. ಅದು ಸರಿಯೇ. ಲಿಪಿಕಾರರನ್ನು ಕೂರಿಸಿ ಅದೇ ಪುಸ್ತಕವನ್ನು ಮತ್ತೆ ಮತ್ತೆ ಬರೆಯಿಸುತ್ತಿದ್ದ ಆ ಹೆಂಗಸಿಗೆ, ಓಲೆಗರಿಯ ಯಾವುದಾದರೂ ಒಂದು ಸಾಲಿನ ಹತ್ತಿರ ತಂಗಿ ನೆನಪಾಗಿರಲಿಕ್ಕಿಲ್ಲ ಎಂದು ನಂಬಲು ಮಾತ್ರ ನನ್ನಿಂದ ಆಗುವುದಿಲ್ಲ.

ಜಗತ್ತು ಸಾವನ್ನು ಕಲ್ಲಿನಲ್ಲಿ ಕೆತ್ತುತ್ತದೆ. ವೀರಗಲ್ಲು, ಮಾಸ್ತಿಗಲ್ಲು, ನಿಸಿಧಿಗಲ್ಲು, ನಮ್ಮ ನಾಡಿನ ತುಂಬ ನಿಂತಿವೆ. ಯಾರು ಹೇಗೆ ಸತ್ತರು ಎಂಬುದನ್ನು ಅವು ಹೇಳುತ್ತವೆ. ಸತ್ತವನು ಎಂಟು ವರ್ಷದವನಿದ್ದಾಗ ಯಾವುದಕ್ಕೆ ಹೆದರುತ್ತಿದ್ದ ಎಂಬುದು ಕೆತ್ತುವ ವಿಷಯವಲ್ಲ. ಅದನ್ನು ಇಟ್ಟುಕೊಳ್ಳಲು ಕಲ್ಲು ಆಗದು, ಒಬ್ಬ ಅಣ್ಣನೋ ತಂಗಿಯೋ ಬದುಕಿರಬೇಕು.

ಅಕ್ಕನಿಗೆ ತವರಿನ ಕೊನೆಯ ಸೀರೆ ತರಲು ಹೋದದ್ದನ್ನು ಹೇಳುತ್ತೇನೆ. ಮದುವೆಯಾದ ಹೆಣ್ಣುಮಗಳು ಸತ್ತರೆ ಹೊದಿಸಲು ತವರುಮನೆಯವರು ಸೀರೆ ಒಯ್ಯಬೇಕು. ಬೆಳಿಗ್ಗೆ ಗದಗಿನ ಪೇಟೆಯಲ್ಲಿ ಆಗಷ್ಟೇ ಬಾಗಿಲು ತೆರೆದ ಅಂಗಡಿಗೆ ಹೋದೆ. ಹುಡುಗ ಇನ್ನೂ ಕಸ ಗುಡಿಸುತ್ತಿದ್ದ. ‘ಯಾವುದಕ್ಕ ಬೇಕ್ರಿ, ಮದವಿಗೇನ್ರಿ?’ ಎಂದು ಅಂಗಡಿಯವರು ಕೇಳಿದರು. ‘ಅಕ್ಕಗ, ಕಡೀ ಸೀರಿ’ ಅಂದೆ. ಅವರು ಮತ್ತೇನೂ ಕೇಳಲಿಲ್ಲ. ಹಸಿರು ಇಳಕಲ್ ಸೀರೆ ತೆಗೆದು ಮುಂದಿಟ್ಟರು. ಮುತ್ತೈದೆಗೆ ಹಸಿರೇ ಆಗಬೇಕು, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕನಿಗೆ ಹಸಿರು ಸೇರುತ್ತಿರಲಿಲ್ಲ. ಪಂಚಮಿಗೆ ಬಂದು ಹೋಗುವಾಗ ಉಡಿ ತುಂಬಿ ಗುಳೇದಗುಡ್ಡದ ಖಣ, ಸೀರೆ ಕೊಟ್ಟರೆ ಮೊದಲು ಬಣ್ಣ ನೋಡುತ್ತಿದ್ದಳು. ಅವಳಿಗೆ ಬೇಕಾದ್ದು ಚಂದ್ರಕಾಳಿ, ಕಪ್ಪು ಮೈಯ ಕೆಂಪು ಸೆರಗಿನ ಸೀರೆ. ಹಸಿರು ಕೊಂಡೊಯ್ದ ವರ್ಷ, ‘ಎಲ್ಲಾರೂ ಉಡೋದ ನಾನೂ ಉಡಬೇಕೇನೋ’ ಎಂದು ಮಡಚಿ ಬದಿಗಿಟ್ಟಿದ್ದಳು. ಆ ದಿನ ಹಸಿರು ಹೊದ್ದು ಮಲಗಿದವಳನ್ನು ನೋಡಿ ಬಂದವರೆಲ್ಲ ‘ಪುಣ್ಯವಂತಿ, ಮುತ್ತೈದಿ ಆಗೇ ಹೋದ್ಲು’ ಎಂದು ಕೈಮುಗಿದರು. ಆ ಮಾತಿನಲ್ಲಿ ಪ್ರೀತಿಯಿತ್ತು, ಗೌರವವಿತ್ತು. ಅವಳಿಗೆ ಆ ಬಣ್ಣ ಬೇಡ ಎಂಬುದು ಅಲ್ಲಿ ನೆರೆದಿದ್ದವರಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು.

ನೆನೆಯುವುದಕ್ಕೆ ನಮ್ಮ ರೂಢಿಗಳೂ ಜಾಗ ಕೊಟ್ಟಿವೆ, ಆದರೆ ಒಡಹುಟ್ಟಿದವರಿಗೆ ಕೊಟ್ಟ ಜಾಗ ಅಂಚಿನದು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅಕ್ಕನ ಎಡೆ ಅವಳ ಗಂಡನ ಮನೆಯಲ್ಲಿ. ತರ್ಪಣ ಕೊಡುವವರ ಮನೆಗಳಲ್ಲಿ ಅಣ್ಣತಮ್ಮ ಅಕ್ಕತಂಗಿಯರ ಹೆಸರಿಗೂ ನೀರು ಬಿಡುವುದುಂಟು. ಅದು ತಂದೆ, ಅಜ್ಜ, ಮುತ್ತಜ್ಜ, ತಾಯಿಯ ಕಡೆಯ ಹಿರಿಯರು ಎಲ್ಲ ಆದ ಮೇಲೆ. ಸಾಂತ್ವನ ಹೇಳಲು ಬಂದವರೂ ಮೊದಲು ಭಾವನ ಕೈ ಹಿಡಿಯುತ್ತಾರೆ, ಮಕ್ಕಳ ತಲೆ ಸವರುತ್ತಾರೆ, ಮುಪ್ಪಿನ ಅವ್ವನ ಹತ್ತಿರ ಕೂರುತ್ತಾರೆ. ತಮ್ಮನಾದವನು ಬಂದವರಿಗೆ ಚಹಾ ಆಯಿತೇ ಎಂದು ನೋಡುತ್ತ ಓಡಾಡುತ್ತಿರುತ್ತಾನೆ. ಇದರಲ್ಲಿ ತಪ್ಪೇನಿದೆ? ಅವರ ನಷ್ಟ ಮುಂದಿನ ದಿನಗಳದ್ದು. ನಾಳೆ ಒಲೆ ಹಚ್ಚುವವರು ಯಾರು, ಮಗಳ ಮದುವೆ ಮಾಡುವವರು ಯಾರು ಎಂಬುದು. ನನ್ನ ನಷ್ಟ ಹಿಂದಿನ ದಿನಗಳದ್ದು, ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

ನಾಗರ ಪಂಚಮಿಯಲ್ಲಿ ಮಾತ್ರ ಅದು ಕಣ್ಣಿಗೆ ಬಿತ್ತು. ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು, ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳು ಆಗಬೇಕು, ಮರಕ್ಕೆ ಜೋಕಾಲಿ ಬೀಳಬೇಕು. ನಾಗಪ್ಪನಿಗೆ ಹಾಲೆರೆಯುವಾಗ ಕೊಬ್ಬರಿ ಬಟ್ಟಲಲ್ಲಿ ಒಂದೊಂದು ಗುಟುಕು ಎತ್ತಿ ಒಬ್ಬೊಬ್ಬರ ಪಾಲು ಎರೆಯುತ್ತಾರೆ: ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಕ್ಕನ ಪಾಲು, ತಮ್ಮನ ಪಾಲು. ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟು ಪಾಲು. ಹಾಲೆರೆಯುವ ಹೊತ್ತಿಗೆ ಅಲ್ಲಿ ಇಲ್ಲದವರ ಪಾಲನ್ನೂ ಹೆಸರು ಹೇಳಿ ಎರೆಯುವುದೇ. ದೂರದಲ್ಲಿದ್ದರೂ ಮನೆಯವರೇ ಅಲ್ಲವೇ? ಅಕ್ಕ ಹೋದ ಮೇಲೆ ಬಂದ ಮೊದಲ ಪಂಚಮಿಯಂದು ಅವ್ವ ಹುತ್ತದ ಮುಂದೆ ಕೂತು ಎರೆಯುತ್ತ ಬಂದಳು. ಅಪ್ಪನ ಪಾಲಾಯಿತು. ತನ್ನದಾಯಿತು. ‘ಅಕ್ಕನ’ ಎಂದವಳು ನನ್ನ ಮುಖ ನೋಡಿದಳು. ಹಾಲು ಬದುಕಿದ್ದವರ ಹೆಸರಿಗೆ. ಸತ್ತವರಿಗೆ ಎರೆಯುವ ಹಾಲು ಬೇರೆ, ಅದರ ದಿನ ಬೇರೆ. ನನ್ನ ಹೆಂಡತಿ ಏನೂ ಹೇಳದೆ ಅವ್ವನ ಕೈಯಿಂದ ಬಟ್ಟಲು ಇಸಿದುಕೊಂಡು ಅಕ್ಕನ ಮಗಳ ಕೈಗೆ ಕೊಟ್ಟಳು. ಆ ಹುಡುಗಿಯನ್ನು ನಾನೇ ಹೋಗಿ ಕರೆತಂದಿದ್ದೆ. ತಾಯಿ ಇಲ್ಲದಿದ್ದರೂ ತಾಯಿಯ ತವರು ಇರಬೇಕಲ್ಲ. ಅವಳು ಗುಟುಕು ಹಾಲು ಎತ್ತಿ, ‘ಅವ್ವನ ಪಾಲು’ ಅಂದು ಎರೆದಳು. ಶಾಸ್ತ್ರ ಸರಿಯೋ ತಪ್ಪೋ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಅಂದು ಮಧ್ಯಾಹ್ನ ಜೋಕಾಲಿಯ ಹತ್ತಿರ ನಡೆದ ಮಾತು ಹೇಳಬೇಕಾದರೆ ನನ್ನ ಎಡಹುಬ್ಬಿನ ಮೇಲಿನ ಗಾಯದ ಕಲೆಯ ವಿಷಯ ಮೊದಲು ಹೇಳಬೇಕು. ನನಗೆ ಆರು, ಅವಳಿಗೆ ಒಂಬತ್ತು ಇದ್ದಾಗಿನ ಪಂಚಮಿ. ಅದೇ ಹುಣಸೆ ಮರದ ಜೋಕಾಲಿಯಿಂದ ಬಿದ್ದೆ. ನನ್ನ ನೆನಪು ಖಚಿತವಾಗಿತ್ತು: ಅಕ್ಕ ಬೇಕಂತಲೇ ಜೋರಾಗಿ ನೂಕಿದಳು. ಅವಳ ನೆನಪೂ ಅಷ್ಟೇ ಖಚಿತ: ನಾನು ಹುಡುಗರಿಗೆ ತೋರಿಸಲು ಎದ್ದು ನಿಂತು ಹಗ್ಗ ಬಿಟ್ಟೆ. ಈ ವ್ಯಾಜ್ಯ ಅವಳ ಮದುವೆಯ ಚಪ್ಪರದಲ್ಲೂ ನಡೆಯಿತು, ಆಸ್ಪತ್ರೆಯಲ್ಲೂ ನಡೆಯಿತು. ಅವಳು ಹೋದ ಮೇಲೆ ನನ್ನ ಮಾತೇ ನಿಂತಿತು, ಎದುರು ಹೇಳುವವರಿಲ್ಲದೆ. ಗೆದ್ದ ಹಾಗಾಗಲಿಲ್ಲ. ಇನ್ನು ಮುಂದೆ ನನ್ನ ಬಾಲ್ಯದ ಬಗ್ಗೆ ನಾನು ಏನು ಹೇಳಿದರೂ ನಡೆಯುತ್ತದೆ, ಸುಳ್ಳು ಹೇಳಿದರೂ ನಡೆಯುತ್ತದೆ ಎಂದು ತಿಳಿದಾಗ ಮೈಯೆಲ್ಲ ಸಡಿಲಾದಂತಾಯಿತು. ಅದುವರೆಗೆ ನನ್ನ ನೆನಪು ನಿಜವಾಗಿ ಉಳಿದದ್ದು ಅವಳು ಅದನ್ನು ಒಪ್ಪದಿದ್ದುದರಿಂದ.

ಅಕ್ಕನ ಮಗಳು ಜೋಕಾಲಿಯ ಮಣೆಯ ಮೇಲೆ ಕೂತು ಉಂಡಿ ಮೆಲ್ಲುತ್ತಿದ್ದಳು. ನನ್ನ ಹುಬ್ಬು ನೋಡಿ, ‘ಮಾಮಾ, ಇದ ಗಿಡದಿಂದ ಬಿದ್ದಿದ್ರಿ ಅಲ್ಲ?’ ಎಂದು ಕೇಳಿದಳು.

‘ಬೀಳಲಿಲ್ಲ. ನಿಮ್ಮವ್ವ ಕೆಡವಿದ್ದು.’

‘ಹೌದ, ಗೊತ್ತದ’ ಅಂದಳು ಹುಡುಗಿ. ‘ಆ ವರ್ಷ ಹಬ್ಬಕ್ಕ ನಿಮಗ ಹೊಸಾ ಅಂಗಿ ತಂದಿದ್ರಂತ, ಅವ್ವಗ ತಂದಿದ್ದಿಲ್ಲಂತ. ಸಿಟ್ಟಿಗೆ ನೂಕಿದೆ ಅಂತ ನನ್ನ ಮುಂದ ಹೇಳ್ಯಾಳ. ಮಾಮನ ಮುಂದ ಮಾತ್ರ ಸಾಯೂತನಾ ಒಪ್ಪಾಂಗಿಲ್ಲ ಅಂತಿದ್ಲು.’

ನಾನು ಜೋಕಾಲಿಯ ಹಗ್ಗ ಹಿಡಿದು ನಿಂತಿದ್ದವನು ಗಟ್ಟಿಯಾಗಿ ನಕ್ಕುಬಿಟ್ಟೆ. ಅವ್ವ ಹಿತ್ತಲ ಬಾಗಿಲಿಗೆ ಬಂದು, ಹಬ್ಬದ ದಿನ ಇದೇನು ನಗು ಎಂಬಂತೆ ನೋಡಿದಳು. ‘ಕೇಳಿದ್ಯಾ ಯವ್ವಾ, ನಾ ಹೇಳಿದ್ದ ಖರೇ ಇತ್ತು! ಬೇಕಂತನ ನೂಕಿದ್ಲು!’ ಎಂದು ಕೂಗಿ ಹೇಳಿದೆ.

‘ತಡೀರಿ ಮಾಮಾ, ಇನ್ನೂ ಮುಗದಿಲ್ಲ’ ಅಂದಳು ಹುಡುಗಿ, ಬೆರಳಿಗಂಟಿದ ಬೆಲ್ಲ ನೆಕ್ಕುತ್ತ. ‘ನೀವೂ ಎದ್ದು ನಿಂತಿದ್ರಂತ. ಎರಡೂ ಕೈ ಬಿಟ್ಟು.’